ಅಮ್ಮಂದಿರ ಮುಯ್ಯಾಳು ಶಾಲೆ

ಅಮೆರಿಕದ ಬ್ಯಾಪ್ಟಿಸ್ಟ್, ಪ್ರೆಸ್ಬಿಟೇರಿಯನ್, ಮೆಥಡಿಸ್ಟ್ ಚರ್ಚುಗಳಲ್ಲಿ ಪ್ರಾರ್ಥನಾ ಮಂದಿರದ ಹಿಂಭಾಗದಲ್ಲೋ ನೆಲಮಾಳಿಗೆಯಲ್ಲೋ ಉದ್ದನೆಯ ಪಡಸಾಲೆಯೊಂದು ಇರುವುದು ಸಾಮಾನ್ಯ. ಅದರ ಎರಡೂ ಬದಿಗೆ ಕೋಣೆಗಳು. ಒಳಗೆ ಗಿಡ್ಡ ಮೇಜು, ಗಿಡ್ಡ ಕುರ್ಚಿ, ಬಿಳಿ ಹಲಗೆ, ಗೋಡೆಯ ಮೇಲೆ ನೋಹನ ನಾವೆಯ ಚಿತ್ರ. ಭಾನುವಾರದ ಆರಾಧನೆಗೆ ಬರುವ ಕುಟುಂಬಗಳ ಮಕ್ಕಳಿಗೆ ಬೈಬಲ್ ಪಾಠ ಹೇಳಲೆಂದು ಕಟ್ಟಿಸಿದ ಈ ಸಂಡೆ ಸ್ಕೂಲ್ ಕೋಣೆಗಳು ವಾರದ ಉಳಿದ ದಿನ ಬಹುಮಟ್ಟಿಗೆ ಖಾಲಿ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಕ್ರೈಸ್ತ ಕುಟುಂಬಗಳು ಪಾಠದ ಹೊರೆ ಹಂಚಿಕೊಳ್ಳಲು ಕಟ್ಟಿಕೊಂಡ ಕೂಟಗಳು, ಅಲ್ಲಿಯವರ ಬಾಯಲ್ಲಿ ‘ಕೋ-ಆಪ್’ಗಳು, ಬೇರು ಬಿಟ್ಟದ್ದು ಈ ಖಾಲಿ ಕೋಣೆಗಳಲ್ಲಿ. ಜಾಗ, ಶೌಚಾಲಯ, ಅಡುಗೆಮನೆ, ವಾಹನ ನಿಲ್ಲಿಸುವ ಬಯಲು ಎಲ್ಲವೂ ಅಲ್ಪ ಬಾಡಿಗೆಗೋ ಬಿಟ್ಟಿಯಾಗಿಯೋ ಸಿಗದೇ ಹೋಗಿದ್ದರೆ ಇವು ಊರೂರಿಗೆ ಹಬ್ಬುತ್ತಿರಲಿಲ್ಲ.

ವಾರಕ್ಕೊಂದು ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ವ್ಯಾನುಗಳು ಬಂದು ನಿಲ್ಲುತ್ತವೆ. ಒಂದೊಂದು ವ್ಯಾನಿನಿಂದ ಮೂರು, ನಾಲ್ಕು, ಕೆಲವೊಮ್ಮೆ ಆರು ಮಕ್ಕಳು ಇಳಿಯುತ್ತಾರೆ. ಸೊಂಟದ ಮೇಲೆ ಕೂಸು, ಹೆಗಲಲ್ಲಿ ಊಟದ ಚೀಲ, ಕೈಯಲ್ಲಿ ಸೂಕ್ಷ್ಮದರ್ಶಕದ ಪೆಟ್ಟಿಗೆ ಹಿಡಿದು ಇಳಿಯುವ ತಾಯಿಯೇ ಆ ದಿನದ ಜೀವಶಾಸ್ತ್ರದ ಟೀಚರು. ಮೊದಲು ಎಲ್ಲರೂ ಒಟ್ಟಿಗೆ ಸೇರಿ ಪ್ರಾರ್ಥನೆ; ಅನೇಕ ಕಡೆ ರಾಷ್ಟ್ರಧ್ವಜಕ್ಕೆ ನಿಷ್ಠೆಯ ಪ್ರತಿಜ್ಞೆ. ಆಮೇಲೆ ಗಂಟೆಗೊಂದು ತರಗತಿ. ಒಂದು ಕೋಣೆಯಲ್ಲಿ ಲ್ಯಾಟಿನ್ ವಿಭಕ್ತಿಗಳನ್ನು ರಾಗವಾಗಿ ಹಾಡುವ ಎಂಟು ವರ್ಷದವರು, ಪಕ್ಕದಲ್ಲಿ ಶೇಕ್ಸ್‌ಪಿಯರ್ ನಾಟಕದ ಮಾತು ಉರು ಹೊಡೆಯುವ ಹದಿನಾಲ್ಕರವರು, ಕೊನೆಯ ಕೋಣೆಯಲ್ಲಿ ಅಂಬೆಗಾಲಿನವರು. ಊಟ ಮನೆಯಿಂದ ತಂದದ್ದು. ಮಧ್ಯಾಹ್ನ ಮೂರರೊಳಗೆ ನೆಲ ಗುಡಿಸಿ, ಕುರ್ಚಿಗಳನ್ನು ಭಾನುವಾರಕ್ಕೆ ಇದ್ದ ಹಾಗೆ ಜೋಡಿಸಿ ಹೊರಡಬೇಕು. ಉಳಿದ ನಾಲ್ಕು ದಿನ ಪಾಠ ಅವರವರ ಮನೆಯಲ್ಲಿ.

ಇಲ್ಲಿ ಸಂಬಳದವರಿಲ್ಲ. ಸದಸ್ಯತ್ವದ ಶುಲ್ಕ ಜಾಗದ ಬಾಡಿಗೆಗೆ, ವಿಮೆಗೆ, ಬಣ್ಣ-ಕಾಗದ-ಪ್ರಯೋಗದ ಸಾಮಗ್ರಿಗೆ ಹೋಗುತ್ತದೆ. ಶುಲ್ಕಕ್ಕಿಂತ ಮುಖ್ಯವಾದದ್ದು ದುಡಿಮೆ. ತಾಯಿಯೋ ತಂದೆಯೋ ಒಂದು ಗಂಟೆ ಪಾಠ ಹೇಳಬೇಕು, ಒಂದು ಗಂಟೆ ಇನ್ನೊಬ್ಬರ ತರಗತಿಯಲ್ಲಿ ಸಹಾಯಕ್ಕೆ ಕೂರಬೇಕು, ಇನ್ನೊಂದು ಗಂಟೆ ಕೂಸುಗಳ ಕೋಣೆಯನ್ನೋ ಪಡಸಾಲೆಯನ್ನೋ ನೋಡಿಕೊಳ್ಳಬೇಕು. ಮಕ್ಕಳನ್ನು ಬಿಟ್ಟು ಅಂಗಡಿಗೆ ಹೋಗಿಬರುವಂತಿಲ್ಲ, ಹೆತ್ತವರು ಕಟ್ಟಡದೊಳಗೇ ಇರಬೇಕು ಎಂಬುದು ಬಹುತೇಕ ಕೋ-ಆಪ್‌ಗಳ ನಿಯಮ. ನಮ್ಮ ಹಳ್ಳಿಗಳಲ್ಲಿ ನಾಟಿ, ಕೊಯ್ಲಿನ ಕಾಲಕ್ಕೆ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂದು ನಡೆಯುತ್ತಿದ್ದ ಮುಯ್ಯಾಳಿನ ಲೆಕ್ಕವೇ ಇಲ್ಲಿಯದೂ. ನನ್ನ ಮಗಳಿಗೆ ನೀನು ರಸಾಯನಶಾಸ್ತ್ರ ಹೇಳು, ನಿನ್ನ ಮಗನಿಗೆ ನಾನು ಪ್ರಬಂಧ ಬರೆಯುವುದನ್ನು ಕಲಿಸುತ್ತೇನೆ.

ಇದರ ಅಗತ್ಯ ಎಲ್ಲಿ ಹುಟ್ಟಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಓದು, ಬರಹ, ಮಗ್ಗಿಯನ್ನು ಅಡುಗೆಮನೆಯ ಮೇಜಿನ ಮೇಲೆ ಹೇಳಿಕೊಡಬಹುದು. ಮಗುವಿಗೆ ಹನ್ನೆರಡು, ಹದಿಮೂರು ತುಂಬಿತೆಂದರೆ ಒಂದೇ ಮನೆಯ ವಿದ್ಯೆ ಸಾಲುವುದಿಲ್ಲ. ಒಬ್ಬನೇ ಹುಡುಗ ಚರ್ಚಾಸ್ಪರ್ಧೆ ನಡೆಸಲಾರ, ಇಬ್ಬರು ಸೇರಿ ಗಾಯನವೃಂದ ಕಟ್ಟಲಾರರು. ಕ್ರೈಸ್ತ ಮನೆಶಾಲೆಗಳಲ್ಲಿ ಬಹಳ ಬಳಕೆಯಲ್ಲಿರುವ ಅಪೊಲೊಜಿಯಾ ಪ್ರಕಾಶನದ ಜೀವಶಾಸ್ತ್ರದ ಪಠ್ಯವನ್ನೇ ನೋಡಿ. ಅದರಲ್ಲಿ ಎರೆಹುಳು, ಸಿಹಿನೀರಿನಲ್ಲಿರುವ, ಸೀಗಡಿಯನ್ನು ಹೋಲುವ ಕ್ರೇಫಿಶ್, ಪರ್ಚ್ ಮೀನು, ಕಪ್ಪೆ ಈ ನಾಲ್ಕನ್ನು ಕೊಯ್ದು ನೋಡುವ ಪ್ರಯೋಗಗಳಿವೆ. ಮಗುವಿಗೆ ಊಟ ಬಡಿಸುವ ಮೇಜಿನ ಮೇಲೆ ಇದನ್ನು ಮಾಡಲು ಯಾವ ತಾಯಿಗೂ ಮನಸ್ಸು ಬಾರದು. ಹತ್ತು ಮಕ್ಕಳು ಸೇರಿದರೆ, ಅವರ ತಾಯಂದಿರಲ್ಲಿ ಒಬ್ಬಳು ಮದುವೆಗೆ ಮುಂಚೆ ನರ್ಸ್ ಆಗಿದ್ದವಳಾದರೆ, ಚರ್ಚಿನ ಅಡುಗೆಮನೆಯ ಸ್ಟೀಲ್ ಮೇಜು ಪ್ರಯೋಗಶಾಲೆಯಾಗುತ್ತದೆ.

ಮನೆಶಾಲೆಯವರನ್ನು ಜನ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಮಕ್ಕಳಿಗೆ ಜೊತೆಗಾರರು ಬೇಡವೇ? ಕೋ-ಆಪ್ ಅದಕ್ಕೆ ಉತ್ತರ ಎಂದು ಅವರು ಹೇಳುತ್ತಾರೆ. ನಿಜವೇ. ಆದರೆ ನನ್ನ ಮಟ್ಟಿಗೆ ಅದು ಕೊಡುವ ಹೆಚ್ಚಿನ ಕಾಣಿಕೆ ಬೇರೆಯದು. ಅಪ್ಪ-ಅಮ್ಮ ಅಲ್ಲದ ಒಬ್ಬ ದೊಡ್ಡವರು ವಾರಕ್ಕೊಮ್ಮೆಯಾದರೂ ಆ ಮಗುವಿನ ಮುಖ ನೋಡುತ್ತಾರೆ, ಅದರ ಬರಹ ಓದುತ್ತಾರೆ, ‘ಇದು ಸರಿಯಿಲ್ಲ, ಮತ್ತೆ ಬರೆ’ ಎನ್ನುತ್ತಾರೆ. ಅಮ್ಮನ ಮುಂದೆ ಹಟ ಹಿಡಿಯುವ ಹುಡುಗ ಪಕ್ಕದ ಮನೆಯ ಆಂಟಿಯ ಮುಂದೆ ಗಡುವಿಗೆ ಸರಿಯಾಗಿ ಪ್ರಬಂಧ ತಂದೊಪ್ಪಿಸುತ್ತಾನೆ. ಓದುವುದರಲ್ಲಿ ಮಗು ತಡವರಿಸುತ್ತಿದ್ದರೆ, ಮನೆಯವರ ಕಣ್ಣಿಗೆ ಬೀಳದ್ದು ಹೊರಗಿನವರ ಕಣ್ಣಿಗೆ ಬೀಳುತ್ತದೆ. ಮನೆಯೊಂದೇ ಸಾಕು ಎಂಬ ನಂಬಿಕೆಯಿಂದ ಶಾಲೆ ಬಿಟ್ಟವರು ಮನೆಯಾಚೆಗಿನ ಕಣ್ಣು ಬೇಕೆಂದು ಕಂಡುಕೊಂಡದ್ದು ಈ ಚಳವಳಿಯ ದೊಡ್ಡ ವಿವೇಕ ಎಂದು ನಾನು ತಿಳಿದಿದ್ದೇನೆ.

ಶಾಲೆ ಬಿಟ್ಟದ್ದೇಕೆ? ಅಮೆರಿಕದಲ್ಲಿ ಶಾಲೆ ಕಡ್ಡಾಯ ಮಾಡಿದ ಮೊದಲ ರಾಜ್ಯ ಮೆಸಚೂಸೆಟ್ಸ್, 1852ರಲ್ಲಿ; ಕೊನೆಯದು ಮಿಸಿಸಿಪಿ, 1918ರಲ್ಲಿ. ಕಡ್ಡಾಯ ಎಂದಮೇಲೆ ಮಗು ಯಾರಿಗೆ ಸೇರಿದ್ದು ಎಂಬ ತಕರಾರು ಎದ್ದೇ ಏಳುತ್ತದೆ. ಎಲ್ಲ ಮಕ್ಕಳೂ ಸರಕಾರಿ ಶಾಲೆಗೇ ಹೋಗಬೇಕೆಂದು ಆರೆಗನ್ ರಾಜ್ಯ ಮಾಡಿದ ಕಾನೂನನ್ನು 1925ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ವಿಸ್ಕಾನ್ಸಿನ್‌ನ ಆಮಿಶ್ ಪಂಥದ ಮೂವರು ತಂದೆಯರು ಎಂಟನೇ ತರಗತಿಯ ನಂತರ ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲವೆಂದು ತಲಾ 5 ಡಾಲರ್ ದಂಡ ಬಿತ್ತು. ಆ ಐದು ಡಾಲರ್ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1972ರಲ್ಲಿ ಧರ್ಮಸ್ವಾತಂತ್ರ್ಯದ ಹೆಸರಿನಲ್ಲಿ ತಂದೆಯರ ಪರವಾಯಿತು. ಈ ನಡುವೆ 1962 ಮತ್ತು 63ರ ತೀರ್ಪುಗಳು ಸರಕಾರಿ ಶಾಲೆಗಳು ನಡೆಸುತ್ತಿದ್ದ ಪ್ರಾರ್ಥನೆ, ಬೈಬಲ್ ವಾಚನಗಳನ್ನು ನಿಲ್ಲಿಸಿದ್ದವು. ತಮ್ಮ ದೇವರನ್ನೇ ಶಾಲೆಯಿಂದ ಹೊರಗಟ್ಟಿದರೆಂದು ಸಂಪ್ರದಾಯಸ್ಥ ಕ್ರೈಸ್ತರಿಗೆ ಅನ್ನಿಸಿತು. ಕೂತಾಗ, ನಡೆವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ದೇವರ ಮಾತನ್ನು ಕಲಿಸುತ್ತಿರಬೇಕೆಂಬ ಧರ್ಮೋಪದೇಶಕಾಂಡದ ವಿಧಿ ಅವರಿಗೆ ಆಜ್ಞೆಯಂತೆ ಕೇಳಿಸಿತು.

ವಿಚಿತ್ರವೆಂದರೆ, ಮನೆಶಾಲೆಗೆ ಮೊದಲು ದನಿ ಕೊಟ್ಟವರಲ್ಲಿ ಧರ್ಮದ ಹಂಗಿಲ್ಲದ ಜಾನ್ ಹೋಲ್ಟ್ ಪ್ರಮುಖರು. ಶಾಲಾ ಶಿಕ್ಷಕರಾಗಿದ್ದ ಅವರು 1964ರಲ್ಲಿ ಮಕ್ಕಳು ಶಾಲೆಯಲ್ಲಿ ಸೋಲುವುದೇಕೆಂದು ಪುಸ್ತಕ ಬರೆದು ಪ್ರಸಿದ್ಧರಾದರು. 1977ರಲ್ಲಿ ಶಾಲೆಯಿಲ್ಲದೆ ಬೆಳೆಯುವ ಮಕ್ಕಳಿಗಾಗಿ ಪತ್ರಿಕೆಯನ್ನೇ ತೆರೆದರು. ಇನ್ನೊಂದು ದಿಕ್ಕಿನಿಂದ ಬಂದವರು ಸೆವೆಂತ್ ಡೇ ಅಡ್ವೆಂಟಿಸ್ಟ್ ದಂಪತಿ ರೇಮಂಡ್ ಮತ್ತು ಡೊರೊತಿ ಮೂರ್. ಎಳೆಯ ಮಕ್ಕಳನ್ನು ಅವಸರದಲ್ಲಿ ಶಾಲೆಗೆ ತಳ್ಳಬೇಡಿ ಎಂಬ ಅವರ ಮಾತು ಜೇಮ್ಸ್ ಡಾಬ್ಸನ್ ಅವರ ಕ್ರೈಸ್ತ ರೇಡಿಯೊ ಕಾರ್ಯಕ್ರಮದ ಮೂಲಕ ಲಕ್ಷಾಂತರ ಮನೆಗಳ ಅಡುಗೆಮನೆ ತಲುಪಿತು. ಹೋಲ್ಟ್ ಅವರಂಥ ಧರ್ಮದ ಹಂಗಿಲ್ಲದವರ ದಾರಿ ಅಲ್ಲಿಂದ ಸುವಾರ್ತಾ (ಇವ್ಯಾಂಜೆಲಿಕಲ್) ಕ್ರೈಸ್ತರದಾಯಿತು.

ಆ ಕಾಲದ ತಾಯಂದಿರಿಗೆ ಭಯವೂ ಇತ್ತು. ಶಾಲೆಯ ಹೊತ್ತಿನಲ್ಲಿ ಮಕ್ಕಳನ್ನು ಅಂಗಳಕ್ಕೆ ಬಿಡಲು ಹೆದರುತ್ತಿದ್ದರು. ನೆರೆಯವರು ದೂರು ಕೊಟ್ಟರೆ ಅಧಿಕಾರಿ ಬಾಗಿಲು ತಟ್ಟುತ್ತಿದ್ದ. 1983ರಲ್ಲಿ ಮೈಕಲ್ ಫ್ಯಾರಿಸ್ ಮತ್ತು ಜೆ. ಮೈಕಲ್ ಸ್ಮಿತ್ ಎಂಬ ವಕೀಲರು ಮನೆಶಾಲೆ ಕಾನೂನು ರಕ್ಷಣಾ ಸಂಘ ಕಟ್ಟಿ ನ್ಯಾಯಾಲಯಗಳಲ್ಲಿ ವಾದಿಸಿದರು. ಮಿಷಿಗನ್‌ನಲ್ಲಿ ಹೆತ್ತವರಿಗೂ ಶಿಕ್ಷಕರ ಪ್ರಮಾಣಪತ್ರ ಬೇಕೆಂಬ ನಿಯಮವನ್ನು ಧಾರ್ಮಿಕ ಕಾರಣದಿಂದ ವಿರೋಧಿಸುವವರಿಗೆ ಅನ್ವಯಿಸಕೂಡದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. ಅಷ್ಟರಲ್ಲಿ ಐವತ್ತೂ ರಾಜ್ಯಗಳಲ್ಲಿ ಮನೆಶಾಲೆ ಕಾನೂನುಬದ್ಧವಾಗಿತ್ತು. ಮರುವರ್ಷ ಫೆಡರಲ್ ಶಿಕ್ಷಣ ಮಸೂದೆಯೊಂದರಲ್ಲಿ ಶಿಕ್ಷಕರ ಅರ್ಹತೆಯ ಸಾಲೊಂದು ತಮಗೂ ತಗುಲೀತೆಂದು ಗೊತ್ತಾದಾಗ, ಇದೇ ಕುಟುಂಬಗಳ ಕರೆಗಳಿಂದ ವಾಷಿಂಗ್ಟನ್‌ನ ಸಂಸತ್ತಿನ ಟೆಲಿಫೋನುಗಳು ದಿನಗಟ್ಟಲೆ ಕಿಕ್ಕಿರಿದವು. ಕೆಳಮನೆ 424–1ರಲ್ಲಿ ಆ ಸಾಲನ್ನು ಕಿತ್ತುಹಾಕಿತು. ಅಷ್ಟು ಬೇಗ ಅಷ್ಟು ಮನೆಗಳಿಗೆ ಸುದ್ದಿ ಮುಟ್ಟಿಸಿದ ಜಾಲದಲ್ಲಿ ಊರೂರಿನ ಇಂಥ ಕೂಟಗಳೂ ಇದ್ದವು.

ಎಲ್ಲ ಕೋ-ಆಪ್‌ಗಳೂ ಒಂದೇ ಅಚ್ಚಿನವಲ್ಲ. ಕೆಲವು ನಾಲ್ಕು ಮನೆಯವು, ಯಾರದೋ ಹಜಾರದಲ್ಲಿ ನಡೆಯುವಂಥವು. ಕೆಲವಕ್ಕೆ ನೂರಾರು ಮಕ್ಕಳು, ಲಿಖಿತ ನಿಯಮಾವಳಿ, ಚುನಾಯಿತ ಮಂಡಳಿ. 1997ರಲ್ಲಿ ನಾರ್ತ್ ಕರೊಲಿನಾದಲ್ಲಿ ಲೀ ಬೋರ್ಟಿನ್ಸ್ ಆರಂಭಿಸಿದ ಕ್ಲಾಸಿಕಲ್ ಕಾನ್ವರ್ಸೇಶನ್ಸ್ ಈಗ ದೇಶವ್ಯಾಪಿ ಸಂಸ್ಥೆ. ಚಿಕ್ಕ ಮಕ್ಕಳು ವರ್ಷಕ್ಕೆ 24 ವಾರ ಒಂದೆಡೆ ಸೇರಿ ಇತಿಹಾಸದ ಕಾಲಾನುಕ್ರಮ, ವ್ಯಾಕರಣದ ಸೂತ್ರ, ವಿಜ್ಞಾನದ ವ್ಯಾಖ್ಯೆಗಳನ್ನು ಹಾಡಿ ಬಾಯಿಪಾಠ ಮಾಡುತ್ತಾರೆ. ಅಮ್ಮ ಹಿಂದಿನ ಸಾಲಿನಲ್ಲಿ ಕೂತು ತಾನೂ ಕಲಿಯುತ್ತಾಳೆ. ಅಮರಕೋಶ ಉರು ಹೊಡೆದ ಮನೆತನಗಳವರಿಗೆ ಈ ಕ್ರಮ ಅಪರಿಚಿತವಲ್ಲ. ಅಲ್ಲಿ ಪಾಠ ಹೇಳುವ ತಾಯಿಗೆ ಗೌರವಧನವಿದೆ, ಪಠ್ಯ ಕೇಂದ್ರದಿಂದ ಬರುತ್ತದೆ. ಹೀಗಾಗಿ ಹಳೆಯ ಕೋ-ಆಪ್‌ನವರು ಅದನ್ನು ತಮ್ಮ ಜಾತಿಗೆ ಸೇರಿಸಿಕೊಳ್ಳುವುದಿಲ್ಲ.

ಪಠ್ಯದ ವಿಷಯ ಬಂದಾಗ ನನ್ನ ಮೆಚ್ಚುಗೆಗೆ ಒಂದು ಗಡಿ ಇದೆ. ಅಪೊಲೊಜಿಯಾ ಇರಲಿ, ಫ್ಲಾರಿಡಾದ ಪೆನ್ಸಕೋಲಾದಿಂದ ಬರುವ ಅಬೆಕಾ ಇರಲಿ, ಸೌತ್ ಕರೊಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ಮುದ್ರಣಾಲಯದ ಪುಸ್ತಕಗಳಿರಲಿ, ಜೀವವಿಕಾಸವನ್ನು ಅಲ್ಲಗಳೆಯುತ್ತವೆ, ಸೃಷ್ಟಿಯನ್ನು ಬೈಬಲ್ಲಿನ ಅಕ್ಷರಶಃ ಅರ್ಥದಲ್ಲಿ ಕಲಿಸುತ್ತವೆ. ಕಪ್ಪೆಯ ಹೃದಯವನ್ನು ಅಷ್ಟು ಎಚ್ಚರದಿಂದ ಬಿಡಿಸಿ ನೋಡಿದ ಹುಡುಗಿಗೆ ಆ ಹೃದಯ ಯಾಕೆ ಹಾಗಿದೆ ಎಂಬುದಕ್ಕೆ ಜೀವಶಾಸ್ತ್ರ ಕೊಡುವ ಉತ್ತರ ಸಿಗಬೇಕು. ಮುಂದೆ ವೈದ್ಯೆಯಾಗಬೇಕೆಂದರೆ ವಿಶ್ವವಿದ್ಯಾಲಯದಲ್ಲಿ ಅದನ್ನು ಎದುರಿಸಲೇಬೇಕು. ನಂಬಿಕೆ ಉಳಿಸಿಕೊಂಡೇ ವಿಕಾಸವಾದ ಓದಿಸುವ ಕ್ರೈಸ್ತ ಮನೆಗಳೂ ಇವೆ. ಅವರ ಸಂಖ್ಯೆ ಹೆಚ್ಚಲಿ ಎಂಬುದು ನನ್ನ ಹಾರೈಕೆ.

ಇಷ್ಟೆಲ್ಲದರ ಭಾರ ಹೊರುವವರು ಯಾರು? ಬಹುತೇಕ ಕಡೆ ತಾಯಂದಿರು. ಬೇಸಿಗೆ ರಜೆಯಲ್ಲೇ ವೇಳಾಪಟ್ಟಿ ತಯಾರಾಗಬೇಕು, ದೊಡ್ಡವರ ಹಿನ್ನೆಲೆ ಪರಿಶೀಲನೆಯಾಗಬೇಕು, ಮಕ್ಕಳೊಂದಿಗೆ ಯಾವ ಕೋಣೆಯಲ್ಲೂ ಒಬ್ಬರೇ ದೊಡ್ಡವರು ಇರಕೂಡದೆಂಬ ನಿಯಮಕ್ಕೆ ತಕ್ಕಂತೆ ಜನ ಹೊಂದಿಸಬೇಕು, ಕಡಲೆಕಾಯಿ ಆಗದ ಮಗುವಿನ ಊಟದ ಮೇಜು ಬೇರೆ ಇಡಬೇಕು. ಒಬ್ಬಾಕೆಗೆ ಹೆರಿಗೆಯಾದರೆ ಆಕೆಯ ಬೀಜಗಣಿತ ಇನ್ನೊಬ್ಬಾಕೆಯ ಹೆಗಲಿಗೆ. ಮನೆಗೆ ಮರಳಿದ ಮೇಲೆ ತನ್ನ ಮಕ್ಕಳ ನಾಲ್ಕು ದಿನದ ಪಾಠ, ಅಡುಗೆ, ಬಟ್ಟೆ. ಸಮಾಜಶಾಸ್ತ್ರಜ್ಞ ಮಿಚೆಲ್ ಸ್ಟೀವನ್ಸ್ ಮನೆಶಾಲೆಗಳ ಕುರಿತ ತಮ್ಮ 2001ರ ಅಧ್ಯಯನ ಗ್ರಂಥದಲ್ಲಿ ತಾಯಂದಿರ ಈ ದುಡಿಮೆಗೆ ವಿಶೇಷ ಗಮನ ಕೊಟ್ಟಿದ್ದಾರೆ. ಚಳವಳಿಯ ವೇದಿಕೆಗಳ ಮೇಲೆ ಬಹಳ ಕಾಲ ಭಾಷಣ ಮಾಡಿದವರು ಗಂಡಸರು, ಪಾಠ ಹೇಳಿದವರು ಹೆಂಗಸರು. ಕಟ್ಟಿ ನಿಲ್ಲಿಸಿದಾಕೆಯ ಕಿರಿಯ ಮಗ ಓದು ಮುಗಿಸಿ ಹೊರಟ ವರ್ಷ, ಮುಂದೆ ನಡೆಸುವವರಿಲ್ಲದೆ ಕೋ-ಆಪ್ ಮುಚ್ಚಿಹೋಗುವುದು ಅಪರೂಪವೇನಲ್ಲ.

ಅಮೆರಿಕದ ಕನ್ನಡಿಗರಿಗೂ ಈ ದಣಿವು ಗೊತ್ತು. ಊರೂರಿನ ಕನ್ನಡ ಕೂಟಗಳ ಆಸರೆಯಲ್ಲಿ ವಾರಾಂತ್ಯಕ್ಕೆ ನಡೆಯುವ ಕನ್ನಡ ಶಾಲೆಗಳು ನಿಂತಿರುವುದು ಇದೇ ಬಗೆಯ ಪೋಷಕರ ಬಿಟ್ಟಿ ದುಡಿಮೆಯ ಮೇಲೆ. ಸಾಫ್ಟ್‌ವೇರ್ ಕೆಲಸದ ತಾಯಿ ಶನಿವಾರ ಬೆಳಿಗ್ಗೆ ಒತ್ತಕ್ಷರ ಹೇಳಿಕೊಡುತ್ತಾಳೆ, ಅಪ್ಪಂದಿರು ಕುರ್ಚಿ ಹಾಕುತ್ತಾರೆ. ಆದರೆ ಅಲ್ಲಿ ಕಳೆದುಹೋಗಬಹುದಾದದ್ದು ಒಂದು ಭಾಷೆ. ಸೋಮವಾರ ಮಕ್ಕಳು ಹೇಗೂ ಶಾಲೆಗೆ ಹೋಗುತ್ತಾರೆ. ಮನೆಶಾಲೆಯ ಕೋ-ಆಪ್ ಎಡವಿದರೆ ಮಗುವಿನ ಇಡೀ ಓದೇ ಎಡವುತ್ತದೆ.

ಇನ್ನು ಬಾಗಿಲಿನ ಮಾತು. ಬಹಳಷ್ಟು ಕ್ರೈಸ್ತ ಕೋ-ಆಪ್‌ಗಳಿಗೆ ಸೇರುವವರು ನಂಬಿಕೆಯ ಹೇಳಿಕೆಯೊಂದಕ್ಕೆ ಸಹಿ ಹಾಕಬೇಕು: ಬೈಬಲ್ ತಪ್ಪಿಲ್ಲದ್ದು, ತ್ರಿತ್ವ ಸತ್ಯ, ಯೇಸುವಿನಲ್ಲಿ ಇಟ್ಟ ವಿಶ್ವಾಸವೊಂದರಿಂದಲೇ ರಕ್ಷಣೆ. ಪ್ರಾಟೆಸ್ಟೆಂಟ್ ಸಿದ್ಧಾಂತದಲ್ಲಿ ಬರೆದ ಇಂಥ ಹೇಳಿಕೆಗೆ ಕ್ಯಾಥೊಲಿಕರು ಸಹಿ ಹಾಕಲಾರರು, ಮಾರ್ಮನ್ನರು ಹಾಕಲಾರರು. ಹಿಂದೂ, ಮುಸ್ಲಿಂ, ದೇವರನ್ನೊಪ್ಪದವರ ಮಾತಂತೂ ಬೇಡ. ಕೆಲವೆಡೆ ಪಾಠ ಹೇಳುವವರು ಮಾತ್ರ ಸಹಿ ಹಾಕಿದರೆ ಸಾಕು, ಉಳಿದವರು ಅದನ್ನು ಗೌರವಿಸಿದರಾಯಿತು. ಈ ಎರಡರ ನಡುವಿನ ಅಂತರ ದೊಡ್ಡ ನಗರದಲ್ಲಿ ಅಷ್ಟಾಗಿ ತಿಳಿಯುವುದಿಲ್ಲ, ಬೇರೆ ಕೂಟ ಸಿಗುತ್ತದೆ. ಮೂವತ್ತು ಮೈಲಿಗೆ ಒಂದೇ ಕೋ-ಆಪ್ ಇರುವ ಹಳ್ಳಿಗಾಡಿನಲ್ಲಿ ಬಾಗಿಲು ಮುಚ್ಚಿದರೆ ಆ ಮಗುವಿಗೆ ಮುಚ್ಚಿದ್ದು ಪ್ರಯೋಗಶಾಲೆ, ಗಾಯನವೃಂದ, ಗೆಳೆಯರು ಎಲ್ಲವೂ. ತಮ್ಮ ಮಕ್ಕಳಿಗೆ ಪಾಠ ಹೇಳುವವರ ನಂಬಿಕೆ ಏನೆಂದು ಕೇಳುವ ಹಕ್ಕು ಹೆತ್ತವರಿಗಿದೆ ಎಂದು ನಾನು ಒಪ್ಪುತ್ತೇನೆ. ಪಾಠ ಕೇಳಲು ಬರುವ ಮಗುವಿನ ಮನೆಯ ನಂಬಿಕೆಯನ್ನು ಕೇಳಬೇಕಿಲ್ಲ. ಹೇಳುವವರಿಗೊಂದು, ಕೇಳುವವರಿಗೊಂದು ನಿಯಮ ಎಂಬ ಆ ಎರಡನೆಯ ಬಗೆಯ ಕೋ-ಆಪ್‌ಗಳೇ ಯೇಸುವಿನ ಬೋಧನೆಗೆ ಹತ್ತಿರದವು ಎಂದು ನನಗೆ ತೋರುತ್ತದೆ.

ಬಾಗಿಲ ಬಳಿಗೇ ಬಾರದ ಮಕ್ಕಳೂ ಇದ್ದಾರೆ. 2018ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪೆರಿಸ್ ಎಂಬ ಊರಿನ ಮನೆಯೊಂದರಿಂದ 17 ವರ್ಷದ ಹುಡುಗಿ ಕಿಟಕಿ ದಾಟಿ ಬಂದು ಪೊಲೀಸರಿಗೆ ಫೋನ್ ಮಾಡಿದಳು. ಒಳಗೆ ಅವಳ 12 ಮಂದಿ ಒಡಹುಟ್ಟಿದವರಿದ್ದರು, ಹಸಿದು ಸೊರಗಿ, ಕೆಲವರು ಸರಪಳಿಯಲ್ಲಿ. ತಂದೆ ಆ ಮನೆಯನ್ನೇ ಖಾಸಗಿ ಶಾಲೆಯೆಂದು ದಾಖಲಿಸಿದ್ದ. ಮನೆಶಾಲೆಯವರೆಲ್ಲ ಹೀಗೆ ಎನ್ನುವುದು ದೊಡ್ಡ ಅನ್ಯಾಯ. ಆದರೆ ಕೋ-ಆಪ್ ಇಷ್ಟವಿದ್ದವರು ಸೇರುವ ಕೂಟ. ಮಗುವನ್ನು ಮುಚ್ಚಿಡಬೇಕೆಂದಿರುವವರು ಅತ್ತ ಸುಳಿಯುವುದಿಲ್ಲ. ಟೆಕ್ಸಸ್, ಮಿಷಿಗನ್, ಒಕ್ಲಹೋಮಾಗಳಲ್ಲಿ ಮನೆಯಲ್ಲಿ ಓದಿಸುತ್ತಿದ್ದೇವೆಂದು ಸರಕಾರಕ್ಕೆ ತಿಳಿಸುವ ಅಗತ್ಯವೂ ಇಲ್ಲ. ಪೆನ್ಸಿಲ್ವೇನಿಯಾದಲ್ಲಾದರೆ ವರ್ಷದ ಕೊನೆಗೆ ಅರ್ಹರೊಬ್ಬರು ಮಗುವನ್ನು ಕಂಡು ಮಾತಾಡಿಸಿ, ಅದರ ಬರಹದ ಕಡತ ನೋಡಿ ವರದಿ ಕೊಡಬೇಕು. ಮನೆಯಲ್ಲೇ ಓದಿ ಬೆಳೆದ ಯುವಜನರೇ 2013ರಲ್ಲಿ ಜವಾಬ್ದಾರಿಯುತ ಮನೆಶಿಕ್ಷಣಕ್ಕಾಗಿ ಒಕ್ಕೂಟವೊಂದನ್ನು ಕಟ್ಟಿ ಇಂಥ ಕಾನೂನು ಎಲ್ಲೆಡೆ ಬರಲಿ ಎಂದು ಕೇಳುತ್ತಿದ್ದಾರೆ. ಮನೆಶಾಲೆಯನ್ನು ಸ್ವತಃ ಅನುಭವಿಸಿದವರ ಮಾತು ಅದು, ಕಿವಿಗೊಡಬೇಕು. ಕೋ-ಆಪ್‌ನ ತಾಯಂದಿರು ಹೊರಗಿನ ಕಣ್ಣಿನ ಬೆಲೆಯನ್ನು ತಾವಾಗಿಯೇ ಅರಿತವರು. ಈ ಬೇಡಿಕೆಯನ್ನು ಅವರೇ ಮುಂದೆ ನಿಂತು ಬೆಂಬಲಿಸಬೇಕೆಂದು ನನಗನ್ನಿಸುತ್ತದೆ.

ಮನೆಶಾಲೆಗೆ ಬರುವ ಜನರೂ ಬದಲಾಗಿದ್ದಾರೆ. ಸರಕಾರಿ ಸಮೀಕ್ಷೆಯ ಪ್ರಕಾರ 1999ರಲ್ಲಿ ಮನೆಯಲ್ಲಿ ಓದುತ್ತಿದ್ದ ಮಕ್ಕಳು ಸುಮಾರು 8.5 ಲಕ್ಷ, 2016ರಲ್ಲಿ 17 ಲಕ್ಷದ ಹತ್ತಿರ. 2007ರಲ್ಲಿ ಧಾರ್ಮಿಕ ಅಥವಾ ನೈತಿಕ ಶಿಕ್ಷಣವೇ ಮುಖ್ಯ ಕಾರಣ ಎಂದವರು ಶೇ 36. ಸ್ವಲ್ಪ ಬೇರೆ ರೀತಿ ಕೇಳಿದ 2016ರ ಸಮೀಕ್ಷೆಯಲ್ಲಿ ಧಾರ್ಮಿಕ ಶಿಕ್ಷಣವನ್ನು ಮೊದಲಿಗಿಟ್ಟವರು ಶೇ 16. ಶಾಲೆಯ ವಾತಾವರಣದ ಚಿಂತೆಯೇ ಮೊದಲ ಸ್ಥಾನಕ್ಕೆ ಬಂದಿತ್ತು. ಕೋವಿಡ್ ವರ್ಷ, 2020ರ ವಸಂತದಿಂದ ಶರತ್ಕಾಲದೊಳಗೆ, ಮನೆಶಾಲೆಯ ಕುಟುಂಬಗಳ ಪ್ರಮಾಣ ಶೇ 5.4ರಿಂದ 11.1ಕ್ಕೆ ಏರಿತು, ಕಪ್ಪುಜನರ ಮನೆಗಳಲ್ಲಿ ಶೇ 3.3ರಿಂದ 16.1ಕ್ಕೆ. ಬಿಳಿಯ ಸುವಾರ್ತಾ ಕ್ರೈಸ್ತರ ಚಳವಳಿ ಎಂದು ಇದನ್ನು ಬದಿಗೆ ಸರಿಸುವ ಕಾಲ ಮುಗಿದಿದೆ.

ಈಗ ಬಂದಿರುವ ಹೊಸ ಪರೀಕ್ಷೆ ದುಡ್ಡಿನದು. ಅರಿಜೋನಾ ರಾಜ್ಯ 2022ರಲ್ಲಿ, ಸರಕಾರಿ ಶಾಲೆಗೆ ಹೋಗದ ಯಾವುದೇ ಮಗುವಿನ ಖಾತೆಗೆ ಶಿಕ್ಷಣದ ಹಣ ಹಾಕುವ ಯೋಜನೆಯನ್ನು ಎಲ್ಲರಿಗೂ ತೆರೆಯಿತು. ಆ ಹಣ ಪಡೆದವರು ಕಾನೂನಿನ ಲೆಕ್ಕದಲ್ಲಿ ಮನೆಶಾಲೆಯವರಾಗಿ ಉಳಿಯುವುದಿಲ್ಲ. ಟೆಕ್ಸಸ್ 2025ರಲ್ಲಿ ಒಪ್ಪಿದ ಯೋಜನೆಯಲ್ಲಿ ಮನೆಯಲ್ಲಿ ಓದುವ ಮಗುವಿಗೆ ವರ್ಷಕ್ಕೆ 2,000 ಡಾಲರ್‌ವರೆಗೆ ಸಿಗಬಹುದು. ಒಂದೇ ಸಂಬಳದಲ್ಲಿ ಐದು ಮಕ್ಕಳನ್ನು ಸಾಕುವ ಮನೆಗೆ ಅದು ಸಣ್ಣ ಮೊತ್ತವಲ್ಲ. ಹಣದ ಹಿಂದೆ ಸರಕಾರದ ಷರತ್ತು ಬರುತ್ತದೆಂದು ಹಳೆಯ ತಲೆಮಾರಿನವರು ಎಚ್ಚರಿಸುತ್ತಾರೆ. ನನ್ನ ಆತಂಕ ಬೇರೆ. ಕೈಯಲ್ಲಿ ದುಡ್ಡಿದ್ದರೆ ರಸಾಯನಶಾಸ್ತ್ರಕ್ಕೆ ಟ್ಯೂಟರನ್ನು ಗೊತ್ತುಮಾಡಿ, ಮಗುವನ್ನು ಬಾಗಿಲಲ್ಲಿ ಇಳಿಸಿ ಹೋಗುವುದು ಸುಲಭ. ಹಾಗೆ ಬದಲಾಗತೊಡಗಿದ ಕೂಟಗಳಿವೆ. ದಣಿದ ತಾಯಿಯೊಬ್ಬಳು ಹಾಗೆ ಮಾಡಿದರೆ ಆಕೆಯನ್ನು ದೂರಲಾರೆ. ಆದರೂ ಹಣ ತೆಗೆದುಕೊಳ್ಳಲಿ ಬಿಡಲಿ, ಸೇರಿದ ಪ್ರತಿ ಮನೆಯಿಂದ ಒಬ್ಬರು ಕಟ್ಟಡದೊಳಗೇ ಇರಬೇಕು, ಇನ್ನೊಬ್ಬರ ಮಕ್ಕಳಿಗೆ ಒಂದು ಪಾಠವನ್ನಾದರೂ ಹೇಳಬೇಕು ಎಂಬ ನಿಯಮವನ್ನು ಮಾತ್ರ ಸಡಿಲಿಸಬಾರದು. ಅಪ್ಪಂದಿರ ಹೆಸರೂ ಆ ಪಾಳಿಯ ಪಟ್ಟಿಯಲ್ಲಿ ಇನ್ನಷ್ಟು ಕಾಣಬೇಕು.